ಒಳಗೆ ಮುಹೂರ್ತ, ಹೊರಗೆ ಕಂಟೇನರ್

ಹಳೇ ಲಗ್ನಪತ್ರಿಕೆ ಇದ್ರೆ ರದ್ದಿಗೆ ಹಾಕಬೇಡಿ, ನನಗೆ ಕೊಡಿ ಅಂತ ಬೀದಿಯವರಿಗೆಲ್ಲ ಹೇಳಿಟ್ಟಿದ್ದೀನಿ. ಮಾಡೆಲ್ ರೈಲಿನ ಕಂಟೇನರ್ ಕಟ್ಟೋಕೆ ಅದಕ್ಕಿಂತ ಒಳ್ಳೇ ಕಾರ್ಡು ಸಿಗೋಲ್ಲ. ತೀರಾ ದಪ್ಪ ಆದ್ರೆ ಮಡಚಿದಲ್ಲಿ ಬಿರಿಯುತ್ತೆ, ತೆಳು ಆದ್ರೆ ಮಳೆಗಾಲದಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಕೂರುತ್ತೆ. ಲಗ್ನಪತ್ರಿಕೆ ಹದವಾಗಿರುತ್ತೆ. ಅರಿಶಿನ ಹಚ್ಚಿದ ಮೂಲೆ ಒಳಮೈಗೆ ಬರೋ ಹಾಗೆ ಮಡಚಬೇಕು, ಅಷ್ಟೇ. ಒಳಗೆ ಯಾರದೋ ಮುಹೂರ್ತ, ಹೊರಗೆ ಮಾರ್ಸ್ಕ್ ಕಂಪನಿಯ ಬೂದು ಬಣ್ಣ! ಚೆನ್ನಾಗಿರುತ್ತೆ ಅಲ್ವಾ?

ಪ್ಲಾಸ್ಟಿಕ್ಕಿನವು ಅಂಗಡೀಲಿ ಸಿಗುತ್ತಲ್ಲ ಅಂತೀರಿ. ಸಿಗುತ್ತೆ. ಆದ್ರೆ ನಮ್ಮ ಕಂಟೇನರ್ ಗಾಡಿ ಅಂದ್ರೆ 45 ವ್ಯಾಗನ್, ಒಂದೊಂದರ ಮೇಲೆ ಇಪ್ಪತ್ತಡಿಯವು ಎರಡೆರಡು, ಒಟ್ಟು 90 ಪೆಟ್ಟಿಗೆ. ಕಾಲು ಭಾಗ ಮಾಡಿದ್ರೂ ಕೈ ಕಚ್ಚುತ್ತೆ. ದುಡ್ಡಿನ ಮಾತು ಬಿಡಿ, ಅಚ್ಚಿನಲ್ಲಿ ಬಂದಿದ್ದೆಲ್ಲ ಒಂದೇ ಥರ. ನಿಜವಾದ ಗಾಡೀಲಿ ಒಂದರ ಹಾಗೆ ಇನ್ನೊಂದು ಇರೋದೇ ಇಲ್ಲ. ಕಾಗದದಲ್ಲಾದ್ರೆ ಪ್ರತಿಯೊಂದಕ್ಕೂ ಬೇರೆ ನಂಬರು, ಬೇರೆ ಕೊಳೆ. ಅದಕ್ಕೇ ನನಗೆ ಕಾಗದವೇ ಮೇಲು.

1:87 ಅಳತೇಲಿ ಇಪ್ಪತ್ತಡಿಯದು 70 ಮಿಲಿಮೀಟರ್ ಉದ್ದ, 28 ಅಗಲ, 30 ಎತ್ತರ. ಪಕ್ಕೆಯ ತಗಡಿನ ಏರಿಳಿತ ಹೇಗೆ ತೋರಿಸೋದು ಅಂತ ಎಲ್ಲರೂ ಕೇಳ್ತಾರೆ. ನಿಜವಾದದ್ದರಲ್ಲೇ ಅದು ಒಂದೂವರೆ ಇಂಚು ಆಳ. 87ರಿಂದ ಭಾಗಿಸಿದ್ರೆ ಅರ್ಧ ಮಿಲಿಮೀಟರೂ ಬರಲ್ಲ. ಉದ್ದಕ್ಕೂ ಒಂದು ತಿಳಿ, ಒಂದು ಗಾಢ ಗೆರೆ ಪ್ರಿಂಟ್ ಮಾಡಿಬಿಟ್ರೆ ಕಣ್ಣು ನಂಬುತ್ತೆ. ಪ್ರಿಂಟು ಜೆರಾಕ್ಸ್ ಅಂಗಡಿಯ ಲೇಸರ್‌ನಲ್ಲೇ ಆಗಲಿ, ಇಂಕ್‌ಜೆಟ್‌ನದು ಫೆವಿಕಾಲ್ ತಾಗಿದ್ರೆ ಹರಡುತ್ತೆ. ಮಡಿಕೆಗೆ ಇಂಕು ಮುಗಿದ ಬಾಲ್‌ಪೆನ್ನಲ್ಲಿ ಗೀರಿ, ಅಂಟನ್ನು ಊದುಬತ್ತಿ ಕಡ್ಡಿಯ ತುದೀಲಿ ಹಚ್ಚಿ. ಮಡಚಿದ ಅಂಚಲ್ಲಿ ಇಣುಕೋ ಬಿಳಿಗೆ ಅದೇ ಬಣ್ಣದ ಸ್ಕೆಚ್ ಪೆನ್ ಆಡಿಸಿ. ಮುಚ್ಚೋ ಮುಂಚೆ ಒಳಗೆ ಒಂದೆರಡು ನಾಣ್ಯ ಅಂಟಿಸಿದ್ರೆ ವ್ಯಾಗನ್ ಹಳಿ ಬಿಟ್ಟು ಹಾರಲ್ಲ.

ನಂಬರು ಅಂದ್ನಲ್ಲ, ನಮ್ಮ ಸೋದರಮಾವ ನೆನಪಾದ್ರು. ವೈಟ್‌ಫೀಲ್ಡ್ ಅಂದ್ರೆ ಜನಕ್ಕೆ ಗಾಜಿನ ಕಟ್ಟಡ, ಅವರಿಗೆ ಮಾತ್ರ ಕಂಟೇನರ್ ಡಿಪೋ. ದೇಶದ ಮೊದಲ ಒಳನಾಡು ಡಿಪೋ 1981ರಲ್ಲಿ ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ ತಾನೇ, ಅದೊಂದು ಹೆಮ್ಮೆ ಅವರಿಗೆ. ಪ್ಲಾಟ್‌ಫಾರಂ ಮೇಲೆ ನಿಂತು, ಹಾದು ಹೋಗೋ ಪೆಟ್ಟಿಗೆಗಳ ನಂಬರು ನನ್ನ ಕೈಲಿ ಓದಿಸೋರು. ನಾಲ್ಕು ಅಕ್ಷರ, ಕೊನೇದು ಯು. ಆಮೇಲೆ ಆರು ಅಂಕಿ. ಅದರಾಚೆ ಪುಟ್ಟ ಚೌಕದೊಳಗೆ ಒಂಟಿ ಅಂಕಿ. ಅದು ಸುಮ್ನೆ ಬರೆದಿದ್ದಲ್ಲ ಕಣೋ, ಉಳಿದ ಹತ್ತರಿಂದ ಲೆಕ್ಕ ಹಾಕಿ ಬಂದಿದ್ದು ಅನ್ನೋರು. ಎಲ್ಲೋ ಯಾರೋ ನಂಬರು ತಪ್ಪಾಗಿ ಬರೆದುಕೊಂಡ್ರೆ ಆ ಅಂಕಿ ತಾಳೆ ಆಗಲ್ಲ, ಸಿಕ್ಕಿಬೀಳುತ್ತೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಿರೋ ನನ್ನ ಪೆಟ್ಟಿಗೇಲೂ ಆ ಲೆಕ್ಕ ಸರಿಯಾಗೇ ಕೂರಬೇಕು. ಭೂತಗನ್ನಡಿ ಇಟ್ಟು ನೋಡೋರು ಯಾರಿದ್ದಾರೆ ಅಂತೀರಾ? ಮಾವ ಇದ್ದಾರಲ್ಲ!

ಬಣ್ಣಗಳ ಕಥೆ ಇನ್ನೂ ಸೊಗಸು. ಎವರ್‌ಗ್ರೀನ್ ಹಸಿರು, ಹಪಾಗ್-ಲಾಯ್ಡ್ ಕಿತ್ತಳೆ ಎಲ್ಲ ಕಾಲಕ್ಕೂ ಸಲ್ಲುತ್ತೆ. ಕೊರಿಯಾದ ಹಾಂಜಿನ್ 2017ರಲ್ಲಿ ದಿವಾಳಿ ಆಯ್ತು, ಜಪಾನಿನ ಮೂರು ಕಂಪನಿ ಸೇರಿದ ಒನ್‌ನವರ ಗಾಢ ಗುಲಾಬಿ ಪೆಟ್ಟಿಗೆ ಬಂದಿದ್ದು 2018ರಲ್ಲಿ. ನಿಮ್ಮ ಗಾಡಿ 2010ರದು ಅಂತಾದ್ರೆ ಆ ಗುಲಾಬಿ ಹತ್ತೋ ಹಾಗೇ ಇಲ್ಲ. ಈಗಿನ ಗಾಡಿ ಆದ್ರೆ ಹಾಂಜಿನ್ ಹೆಸರಿನದೂ ಒಂದಿರಲಿ, ಕಂಪನಿ ಮುಳುಗಿದ್ರೂ ಪೆಟ್ಟಿಗೆ ಕೈಯಿಂದ ಕೈಗೆ ಓಡಾಡುತ್ತೆ. ಅದು ಮಾತ್ರ ತುಕ್ಕು ಹಿಡಿದಿರಬೇಕು. ಕಂದು ಪೆನ್ಸಿಲ್ಲಿನ ಪುಡಿ ಬೆರಳಿಗೆ ಅದ್ದಿ ಮೇಲಿಂದ ಕೆಳಕ್ಕೆ ಎಳೀರಿ, ಅಡ್ಡಡ್ಡ ಬೇಡ. ಮಳೆ ನೀರು ಇಳಿಯೋದೂ ಹಾಗೇ ಅಲ್ವಾ?