ಎಲೆಗೆಷ್ಟು ಸ್ವಾಮಿ?

ಆಷಾಢದಲ್ಲಿ ಮದುವೆಯಿಲ್ಲ. ಹೊಸ ಸೊಸೆಯರು ತವರಿಗೆ ಹೋಗುತ್ತಾರೆ, ಪುರೋಹಿತರು ಪಂಚಾಂಗ ಮಡಿಸಿಡುತ್ತಾರೆ, ಮದುವೆ ಕಂಟ್ರಾಕ್ಟನ್ನೇ ನಂಬಿಕೊಂಡ ನಮ್ಮಂಥವರು ಕೊಪ್ಪರಿಗೆಗಳನ್ನು ಬೋರಲು ಹಾಕಿ ಅವುಗಳ ಮೇಲೆಯೇ ಕೂತು ಪೇಪರ್ ಓದುತ್ತೇವೆ. ಈ ಬಿಡುವು ನೋಡಿಯೇ ಯಾರೋ ಪುಣ್ಯಾತ್ಮರು ವೆಡ್ಡಿಂಗ್ ಎಕ್ಸ್‌ಪೋ ಕಂಡುಹಿಡಿದಿರಬೇಕು. ಶ್ರಾವಣದ ಮುಹೂರ್ತಗಳಿಗೆ ಗಿರಾಕಿ ಬೇಕಾದರೆ ಆಷಾಢದಲ್ಲೇ ಬಲೆ ಬೀಸಬೇಕು ಎಂಬುದು ನನ್ನ ತಮ್ಮನ ಸಿದ್ಧಾಂತ. ಅವನು ಎಂಬಿಎ ಓದಿದ್ದಾನೆ.

ಅಪ್ಪನಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. "ಅಡುಗೆಯವನು ಅಂಗಡಿ ಇಟ್ಕೊಂಡು ಕೂತರೆ, ನೆನ್ನೆ ಮದುವೇಲಿ ಮಿಕ್ಕಿದ್ದನ್ನ ಮಾರ್ತಿದಾನೆ ಅಂದ್ಕೋತಾರೆ" ಎಂದರು. ಅವರ ಕಾಲದಲ್ಲಿ ಮೊದಲ ಪಂಕ್ತಿಯವರು ಕೈ ತೊಳೆಯುತ್ತಲೇ "ಯಾರ ಅಡುಗೆ?" ಎಂದು ವಿಚಾರಿಸುತ್ತಿದ್ದರು, ಜಾಹೀರಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೂ ಬೆಂಗಳೂರಿನ ಅರಮನೆ ಮೈದಾನದಲ್ಲಿ 3 ಮೀಟರ್ ಉದ್ದ, 3 ಮೀಟರ್ ಅಗಲದ ಸ್ಟಾಲಿಗೆ ದುಡ್ಡು ಕಟ್ಟಿದ್ದಾಯಿತು. ಅಷ್ಟರೊಳಗೆ ಇಡೀ ಕುಟುಂಬ ಹಿಡಿಸಬೇಕು: ಅಪ್ಪನ ಅಡುಗೆ, ಚಿಕ್ಕಪ್ಪನ ಮಂಟಪ, ಅತ್ತೆಯ ಆರತಿ ತಟ್ಟೆ ಮತ್ತು ಅಂತರಪಟ, ಅತ್ತಿಗೆಯ ಮೊಗ್ಗಿನ ಜಡೆ.

ಎಡಕ್ಕೆ ಡ್ರೋನ್ ಫೋಟೋಗ್ರಾಫರು. ಬಲಕ್ಕೆ ಡ್ರೈ ಐಸಿನ ಹೊಗೆ ಬಿಡುವವರು; ಮದುಮಗಳು ಮೋಡದೊಳಗಿಂದ ನಡೆದು ಬರುವ ಏರ್ಪಾಡಂತೆ. ಆ ಮೋಡ ಆಗಾಗ ನಮ್ಮ ಸ್ಟಾಲಿಗೂ ಬಿಜಯಂಗೈಯುತ್ತಿತ್ತು. ಆಗೆಲ್ಲ ಅತ್ತೆ "ಅಯ್ಯೋ, ಹಾಲು ಸೀದೋಯ್ತು!" ಎಂದು ಗಾಬರಿಯಿಂದ ಎದ್ದು ನಿಲ್ಲುತ್ತಿದ್ದರು.

ಜನ ಬಂದರು, ಹಿಂಡುಹಿಂಡಾಗಿ ಬಂದರು. ಕಾರಣ ಚಿರೋಟಿ. ಅಪ್ಪ ದೊನ್ನೆಯಲ್ಲಿ ಚಿರೋಟಿ ಇಟ್ಟು, ನಡುವೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಗುಳಿ ಮಾಡಿ, ಪುಡಿಸಕ್ಕರೆ ಉದುರಿಸಿ, ಬಾದಾಮಿ ಹಾಲನ್ನು ಆ ಗುಳಿಗಷ್ಟೇ ಬಿಡುತ್ತಿದ್ದರು. ನಡು ನೆನೆಯಬೇಕು, ಅಂಚು ಗರಿಗರಿಯಾಗಿರಬೇಕು. ಒಬ್ಬ ಹಿರಿಯರು ಮೂರನೇ ದೊನ್ನೆ ಮುಗಿಸಿ, "ಎಲೆಗೆಷ್ಟು ಸ್ವಾಮಿ?" ಎಂದರು. ತಮ್ಮ ಪೆನ್ನು ತೆಗೆದು, "ಮದುವೆ ಯಾವಾಗ ಸಾರ್?" ಎಂದ. "ಮೊಮ್ಮಗಳಿನ್ನೂ ಏಳನೇ ಕ್ಲಾಸು. ರೇಟು ತಿಳ್ಕೊಂಡಿರೋಣ ಅಂತ."

ನಿಜವಾದ ಮದುಮಗಳೂ ಬಂದಳು. ಹಳದಿ, ಮೆಹೆಂದಿ, ಸಂಗೀತ್ ಎಂದು ಪಟ್ಟಿ ಓದಿ, "ಲೈವ್ ದೋಸೆ ಕೌಂಟರ್ ಇದೆಯಾ ಅಂಕಲ್?" ಎಂದು ಕೇಳಿದಳು. ಅಪ್ಪ ಗಂಭೀರವಾಗಿ, "ನಮ್ಮಲ್ಲಿ ಜೀವ ಹೋದ ದೋಸೆ ಹಾಕೋ ಪದ್ಧತೀನೇ ಇಲ್ಲಮ್ಮ" ಎಂದರು. ಅವಳು ಹೊಗೆಯವರ ಕಡೆ ಹೋದಳು.

ಕೊನೆಗೆ ಖಾದಿ ಜುಬ್ಬಾದ ಹುಡುಗನೊಬ್ಬ ಬಂದ. ಅವನದು ಮಂತ್ರ ಮಾಂಗಲ್ಯವಂತೆ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರಿಗೆ ಸರಳ ಮದುವೆ ಮಾಡಿಸಿದ್ದನ್ನು ನಮಗೆಲ್ಲ ನಿಂತಲ್ಲೇ ವಿವರಿಸಿದ. ಪುರೋಹಿತರು ಬೇಡ, ವಾಲಗ ಬೇಡ, ಮಂಟಪ ಬೇಡ, ಮೊಗ್ಗಿನ ಜಡೆಯಂತೂ ಬೇಡವೇ ಬೇಡ. ಒಂದೊಂದು 'ಬೇಡ'ಕ್ಕೂ ನಮ್ಮ ಕುಟುಂಬದ ಒಬ್ಬೊಬ್ಬರ ಮುಖ ಬಾಡಿತು. ಇಂಥವನು ಎಕ್ಸ್‌ಪೋಗೆ ಯಾಕೆ ಬಂದ ಎಂದು ತಮ್ಮ ಹಲ್ಲು ಕಡಿದ. ಅಪ್ಪ ಮಾತ್ರ ದೊನ್ನೆ ಮುಂದೆ ಹಿಡಿದು ಕೇಳಿದರು:

"ಬಂದವರು ಊಟ ಮಾಡ್ತಾರೋ ಇಲ್ವೋ?"

"ಮಾಡ್ತಾರೆ."

"ಎಷ್ಟು ಎಲೆ?"

"ನೂರೈವತ್ತು."

ಇಡೀ ಎಕ್ಸ್‌ಪೋದಲ್ಲಿ ನಮಗೆ ಅಡ್ವಾನ್ಸ್ ಕೊಟ್ಟು ತಾರೀಖು ಗೊತ್ತುಮಾಡಿದವನು ಅವನೊಬ್ಬನೇ. ಉಳಿದಂತೆ ತಮ್ಮನ ಪುಸ್ತಕದ ತುಂಬ ಹೆಸರು, ಫೋನ್ ನಂಬರು. ಫೋನ್ ಮಾಡಿದರೆ ಒಂದು ಗ್ಯಾರೇಜು, ಒಂದು ಚಾಲ್ತಿಯಲ್ಲಿಲ್ಲ, ಇನ್ನು ಕೆಲವಕ್ಕೆ ಒಂಬತ್ತೇ ಅಂಕಿ. ಅದೇ ಮಂದಿ ರೇಷ್ಮೆ ಸೀರೆಯ ಲಕ್ಕಿ ಡ್ರಾ ಚೀಟಿಯಲ್ಲಿ ಮನೆಯ ಲ್ಯಾಂಡ್‌ಮಾರ್ಕ್ ಸಮೇತ ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುಂದಿನ ಆಷಾಢಕ್ಕೂ ಸ್ಟಾಲ್ ಹಾಕುತ್ತೇವೆ; ಈಗ ಅಪ್ಪನದೇ ಒತ್ತಾಯ. ಓದುಗರೇ, ಖಂಡಿತ ಬನ್ನಿ. ಮದುವೆ ಗೊತ್ತಾಗದಿದ್ದರೂ ಚಿಂತೆಯಿಲ್ಲ, ಚಿರೋಟಿ ಎಷ್ಟು ಬೇಕಾದರೂ ತಿನ್ನಿ. ನಂಬರು ಬರೆಯುವಾಗ ಮಾತ್ರ ದಯವಿಟ್ಟು ಹತ್ತೂ ಅಂಕಿ ಬರೆಯಿರಿ.