ಘರ್ಷಣೆಯಿಲ್ಲದ ರಾಟೆಗೆ ನವಲಿ ಕಡೆಯಿಂದೊಂದು ಬಹಿರಂಗ ಪತ್ರ

ಮಾನ್ಯ ಘರ್ಷಣೆಯಿಲ್ಲದ ರಾಟೆಯವರಿಗೆ,

ಇಂಜಿನಿಯರಿಂಗ್ ಮೊದಲ ವರ್ಷದ ಮೆಕ್ಯಾನಿಕ್ಸ್ ಪುಸ್ತಕದಲ್ಲಿ ತಮ್ಮದೇ ದರ್ಬಾರು. ತಮಗೆ ತುಕ್ಕು ಹಿಡಿಯುವುದಿಲ್ಲ, ಗ್ರೀಸ್ ಬೇಕಿಲ್ಲ. ತಮ್ಮ ಮೇಲೆ ಹಾಯುವ ಹಗ್ಗಕ್ಕೆ ತೂಕವಿಲ್ಲ, ಅದು ಹಿಗ್ಗುವುದೂ ಇಲ್ಲ. ತೂಕವಿಲ್ಲದ ತೊಲೆ, ಬಾಗದ ಸರಳು, ಯಾವ ಗೌಂಡಿಯೂ ಕಟ್ಟಲಾರದಷ್ಟು ನುಣುಪಾದ ಗೋಡೆ ತಮ್ಮ ಬಂಧುಬಳಗ. ಇಂಥ ದೊಡ್ಡ ಮನೆತನಕ್ಕೆ ಕೊಪ್ಪಳ ಜಿಲ್ಲೆಯಿಂದ ಪತ್ರ ಬರೆಯಲು ಸಂಕೋಚವಾಗುತ್ತದೆ. ಇಲ್ಲಿ ಎಲ್ಲಕ್ಕೂ ತೂಕವಿದೆ, ಎಲ್ಲವೂ ಸವೆಯುತ್ತದೆ.

ನಮ್ಮ ನವಲಿಯ ಹೆಸರು ಬಜೆಟ್ ಭಾಷಣಕ್ಕೆ ಏರಿದ್ದೇ ಹೂಳಿನ ದೆಸೆಯಿಂದ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ 2016ರ ಸರ್ವೆಯ ಹೊತ್ತಿಗೆ 105.788 ಟಿಎಂಸಿಗೆ ಇಳಿದಿತ್ತು. ಹೂಳು ನುಂಗಿದ ಆ ಪಾಲನ್ನು ನಿಲ್ಲಿಸಿಕೊಳ್ಳಲು ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಯೋಜನೆ ಹುಟ್ಟಿತು. 2022-23ರ ರಾಜ್ಯ ಬಜೆಟ್‌ನಲ್ಲಿ ಅದಕ್ಕೆ 1,000 ಕೋಟಿ ರೂಪಾಯಿ ಘೋಷಣೆಯೂ ಆಯಿತು. ಆದರೆ ತುಂಗಭದ್ರೆಯ ನೀರು ಮೂರು ರಾಜ್ಯಗಳದ್ದು. ಆಂಧ್ರ, ತೆಲಂಗಾಣ ತಲೆಯಾಡಿಸದೆ ಗುದ್ದಲಿ ನೆಲಕ್ಕೆ ಬೀಳದು. ಹಾಗಾಗಿ ಆ ಜಲಾಶಯ ಸದ್ಯಕ್ಕೆ ತಮ್ಮ ದಾಯಾದಿಯೇ: ಸೋರುವುದಿಲ್ಲ, ಹೂಳು ತುಂಬುವುದಿಲ್ಲ, ಕಾಗದ ಬಿಟ್ಟು ಕದಲುವುದಿಲ್ಲ.

ಕಾಗದದ ಮೇಲಲ್ಲ, ನೆಲದ ಮೇಲೆ ನಿಂತ ತುಂಗಭದ್ರಾ ಡ್ಯಾಂನ ಕತೆ ಬೇರೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳ ಪೈಕಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಂದು ಗೇಟು 60 ಅಡಿ ಅಗಲ, 20 ಅಡಿ ಎತ್ತರ. ನೀರು ಅದರ ನೆತ್ತಿಯವರೆಗೆ ನಿಂತರೆ ಅಡ್ಡಲಾಗಿ ತಳ್ಳುವ ಬಲ ಹೆಚ್ಚುಕಡಿಮೆ 340 ಟನ್. ಪಿಯುಸಿ ಗಣಿತ ಬಲ್ಲವರು ಅರ್ಧ ಪುಟದಲ್ಲಿ ತೆಗೆಯಬಹುದಾದ ಲೆಕ್ಕ. ಚೈನ್ ಎಳೆಯುವುದು ಮೇಲಕ್ಕೆ. ತಮ್ಮ ಲೋಕದಲ್ಲಿ ಈ ಎರಡಕ್ಕೂ ಸಂಬಂಧವೇ ಇಲ್ಲ, ಡ್ಯಾಂ ಬತ್ತಿದ್ದರೂ ತುಂಬಿದ್ದರೂ ಗೇಟ್ ಎತ್ತಲು ಅಷ್ಟೇ ಬಲ ಸಾಕು. ನಮ್ಮ ಲೋಕದಲ್ಲಿ ಆ 340 ಟನ್ ಗೇಟನ್ನು ಅದರ ಜಾಡಿಗೆ ಅದುಮಿ ಹಿಡಿಯುತ್ತದೆ, ಚಕ್ರವೂ ಸೀಲೂ ತಿಕ್ಕುತ್ತವೆ, ತಿಕ್ಕಾಟದ ಭಾರವೆಲ್ಲ ಎತ್ತುವ ಹೊತ್ತಿಗೆ ಚೈನಿನ ಹೆಗಲಿಗೆ ಬೀಳುತ್ತದೆ. ಅಂದರೆ ತಾವು 'ನಗಣ್ಯ' ಎಂದು ಬದಿಗೆ ಸರಿಸಿದ್ದೇ ಇಲ್ಲಿ ಮುಖ್ಯ ಲೆಕ್ಕ. ಇದರ ಮೇಲೆ ಎಪ್ಪತ್ತು ವರ್ಷದ ತುಕ್ಕು ಲಿಂಕನ್ನು ಎಷ್ಟು ತೆಳುಮಾಡಿರಬಹುದು ಎಂಬ ಪ್ರಶ್ನೆಗೆ ತಮ್ಮ ಪುಸ್ತಕದಲ್ಲಿ ಅಕ್ಷರವೇ ಇಲ್ಲ. ಮರುವರ್ಷ ಉಳಿದ ಗೇಟುಗಳ ಮೇಲೂ ನಂಬಿಕೆ ಸಾಲದೆ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ನಗಣ್ಯವೆಂದರೆ ಎಷ್ಟು ಎಂದು ಎಡದಂಡೆ ಕಾಲುವೆಯ ಕೊನೆಭಾಗದ ಭತ್ತದ ರೈತನನ್ನು ಕೇಳಿ.

ತಮ್ಮ ವಕೀಲರು ಸುಮ್ಮನಿರುವುದಿಲ್ಲ, ಗೊತ್ತು. ಸರಳಗೊಳಿಸದೆ ವಿಜ್ಞಾನವಿಲ್ಲ ಎನ್ನುತ್ತಾರೆ. ಒಪ್ಪಿದೆ. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಆ 19ನೇ ಗೇಟಿನ ಬಾಯಿ ಮುಚ್ಚಿಸಿದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಮತ್ತವರ ತಂಡಕ್ಕೂ ಸರಳ ಲೆಕ್ಕವೇ ಮೊದಲ ಮೆಟ್ಟಿಲು. ತಕರಾರು ಸರಳಗೊಳಿಸಿದ್ದಕ್ಕಲ್ಲ, ಬಿಟ್ಟದ್ದನ್ನು ಮರಳಿ ಸೇರಿಸುವ ದಿನ ಸೆಮಿಸ್ಟರಿನಲ್ಲಿ ಬರುವುದೇ ಇಲ್ಲ ಎಂಬುದಕ್ಕೆ. ಘರ್ಷಣೆಗೊಂದು ಅಧ್ಯಾಯವೇ ಇದೆಯಲ್ಲ ಎಂದೂ ವಾದಿಸುತ್ತಾರೆ. ಇದೆ. ಅಲ್ಲಿ ನುಣುಪು ಗೋಡೆಗೆ ಒರಗಿದ ಏಣಿ ಒರಟು ನೆಲದ ಮೇಲೆ ನಿಂತಿರುತ್ತದೆ, ಘರ್ಷಣಾಂಕ 0.3 ಎಂದು ಪ್ರಶ್ನೆಪತ್ರಿಕೆಯೇ ದಾನ ಮಾಡಿರುತ್ತದೆ. ಆ 0.3 ಎಲ್ಲಿಂದ ಬಂತು, ಮಳೆ ಬಿದ್ದ ಮೇಲೆ ಎಷ್ಟಾಗುತ್ತದೆ ಎಂದು ಕೇಳಿದವನಿಗೆ ಅಂಕವಿಲ್ಲ. ಆ ಅಧ್ಯಾಯದ ಮೂಲಪುರುಷ ಕುಲಂಬ್ ಹೀಗಿರಲಿಲ್ಲ. ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿದ ಸೈನ್ಯದ ಇಂಜಿನಿಯರ್ ಆತ. ರೋಶ್‌ಫೋರ್ ಬಂದರಿನಲ್ಲಿ ಮರ, ಲೋಹ, ಹಗ್ಗಗಳನ್ನು ಎಳೆದೆಳೆದು ಅಳೆದು, 1781ರಲ್ಲಿ ಪ್ಯಾರಿಸ್ಸಿನ ಅಕಾಡೆಮಿಯ ಬಹುಮಾನ ಪಡೆದ. ಕದಲದೆ ಕೂತಷ್ಟೂ ಘರ್ಷಣೆ ಹೆಚ್ಚುತ್ತದೆ ಎಂಬುದನ್ನೂ ಗುರುತಿಸಿದ್ದ. ವರ್ಷದ ಬಹುಪಾಲು ಮುಚ್ಚಿಯೇ ಇರುವ ಗೇಟಿಗೆ ಇದಕ್ಕಿಂತ ಹತ್ತಿರದ ಪಾಠ ಬೇಕೆ?

ಹುಡುಗರೆಲ್ಲ ಕಂಪ್ಯೂಟರ್ ಸೈನ್ಸ್‌ಗೆ ನುಗ್ಗುವಾಗ ಗೇಟು, ಗ್ರೀಸ್ ಯಾರಿಗೆ ಬೇಕು ಎನ್ನುವವರೂ ಉಂಟು. ಗೇಟಿನ ಸೆನ್ಸರ್‌ಗೆ ಕೋಡ್ ಬರೆಯುವವನಿಗೂ ಗೇಟ್ ಸಿಕ್ಕಿಕೊಳ್ಳುತ್ತದೆಂದು ತಿಳಿದಿರಬೇಕು, ಅಷ್ಟೇ. ನಿಜವಾದ ಅಡ್ಡಿ ಪರೀಕ್ಷೆಯದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಪ್ರತಿ ಮಾಡ್ಯೂಲ್‌ಗೆ ಎರಡು ಪ್ರಶ್ನೆ, ನಡುವೆ ಒಂದು 'ಅಥವಾ'. ಆಗಸ್ಟ್ 10ರ ರಾತ್ರಿ ಡ್ಯಾಂ ಮೇಲಿದ್ದವರಿಗೆ 'ಅಥವಾ' ಇರಲಿಲ್ಲ.

ತಮ್ಮನ್ನು ಗಡೀಪಾರು ಮಾಡಿ ಎಂದು ಕೇಳುತ್ತಿಲ್ಲ. ಒಂದು ಮಾಡ್ಯೂಲಿನ ಮಟ್ಟಿಗೆ ಪಕ್ಕಕ್ಕೆ ಸರಿಯಿರಿ. ತಳಕಲ್ಲಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದವರನ್ನು ಬಸ್ಸು ಹತ್ತಿಸಿ ಡ್ಯಾಂ ಪಕ್ಕದ ಮುನಿರಾಬಾದಿಗೆ ಕಳಿಸಲಿ, ಅದೇ ಜಿಲ್ಲೆಯಲ್ಲಿದೆ. ಘರ್ಷಣಾಂಕ ಕೊಡದೆ, ಈ ಗೇಟ್ ಎತ್ತಲು ಎಷ್ಟು ಬಲ ಬೇಕು ಎಂದು ಕೇಳಲಿ. ಇಬ್ಬರ ಉತ್ತರ ಒಂದೇ ಬರದಿದ್ದರೆ ಮೌಲ್ಯಮಾಪಕರು ದಯವಿಟ್ಟು ಅಂಕ ಕತ್ತರಿಸದಿರಲಿ.

ಇತಿ,
ನವಲಿ ಕಡೆಯವ