ತಪ್ಪಿಸಿಕೊಂಡ ಮೀನಿನ ಲೆಕ್ಕ

ಕೈತಪ್ಪಿ ಹೋದ ಮೀನು ಎಷ್ಟು ದೊಡ್ಡದಿತ್ತು ಎಂದು ತೋರಿಸಲು ಯಾವ ಮೀನುಗಾರನಿಗೂ ಎರಡು ತೋಳು ಸಾಲುವುದಿಲ್ಲ. ಗಂಗೊಳ್ಳಿಯ ದಕ್ಕೆಯಲ್ಲಿ ನಾನು ಕೇಳಿದ ಮೀನಿನ ಕತೆಗಳಲ್ಲಿ ಮುಕ್ಕಾಲು ಪಾಲು ಬಲೆಗೆ ಬೀಳದವುಗಳದ್ದೇ. ಬಿದ್ದದ್ದರ ಬಗ್ಗೆ ಹೇಳುವುದಕ್ಕೇನಿದೆ, ಅದು ತಕ್ಕಡಿಯಲ್ಲಿ ಕೂತು ತನ್ನ ಕತೆಯನ್ನು ತಾನೇ ಹೇಳುತ್ತದೆ. ಹೀಗಿರುವಾಗ, ತಪ್ಪಿಸಿಕೊಂಡ ಮೀನುಗಳನ್ನೇ ಎಣಿಸಲು ಸರ್ಕಾರ ಸಂಬಳ ಕೊಟ್ಟು ಜನ ಇಟ್ಟಿರುವ ಸೀಮೆಯೊಂದಿದೆ ಎಂದು ಗೊತ್ತಾದಾಗ, ಆ ಸರ್ಕಾರದ ಮೇಲೆ ಗೌರವವೂ ಅದರ ಖಜಾನೆಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಒಟ್ಟಿಗೇ ಹುಟ್ಟಿದವು.

ಸೀಮೆ ಅಂದರೆ ಅಲಾಸ್ಕಾದ ಬ್ರಿಸ್ಟಲ್ ಬೇ. ಮೀನು ಸಾಕೈ ಸಾಲ್ಮನ್. ಬೇರಿಂಗ್ ಸಮುದ್ರದ ಆ ಕೊಲ್ಲಿಗೆ ನಾಕ್‌ನೆಕ್, ಕ್ವಿಜಾಕ್, ಎಗೆಗಿಕ್, ಉಗಾಶಿಕ್, ನುಶಗಾಕ್, ಟೊಗಿಯಾಕ್ ಎಂಬ ನದಿಗಳು ಬಂದು ಸೇರುತ್ತವೆ. ಒಂದೇ ಉಸಿರಿಗೆ ಹೇಳಿ ನೋಡಿ, ನಾಲಿಗೆಗೆ ಒಳ್ಳೆಯ ವ್ಯಾಯಾಮ. ಜಗತ್ತಿನ ಸಾಕೈಯಲ್ಲಿ ಹೆಚ್ಚುಕಡಿಮೆ ಅರ್ಧ ಇಲ್ಲಿಂದಲೇ ಬರುತ್ತದೆ. ಜೂನ್ ಕೊನೆಗೆ ಶುರುವಾದ ಜಾತ್ರೆ ಜುಲೈ ನಡುವಿಗೆ ಮುಗಿದೇಹೋಗುತ್ತದೆ. ಅಷ್ಟರೊಳಗೆ, 2022ರಲ್ಲಿ, ಬಂದ ಮೀನು ಸುಮಾರು 7.9 ಕೋಟಿ. ಅದು ದಾಖಲೆ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಸಿಕ್ಕಿದವರು 6.11 ಕೋಟಿ, ಅದೂ ಮೇಷ್ಟ್ರುಗಳು ಮನೆ ಮನೆ ಸುತ್ತಿದ ಮೇಲೆ.

ಮೀನಿನ ಗಣತಿ ಹೇಗೆ ನಡೆಯುತ್ತದೆ ಎಂದು ನನಗೆ ತಿಳಿಸಿದವನು ಸಿಯಾಟಲ್‌ನಲ್ಲಿ ನನ್ನ ಮಗಳ ನೆರೆಮನೆಯ ಹುಡುಗ. ಕಾಲೇಜಿನ ರಜೆಯಲ್ಲಿ ಅಲ್ಲಿ ಎಣಿಸುವ ಕೆಲಸಕ್ಕೆ ಹೋಗಿದ್ದನಂತೆ. ನದಿಯ ಎರಡೂ ದಡದಲ್ಲಿ ಒಂದೊಂದು ಅಟ್ಟಣಿಗೆ. ಹಗಲಿರುಳೆನ್ನದೆ ಪ್ರತಿ ಗಂಟೆಗೆ ಹತ್ತು ನಿಮಿಷ ಈ ದಡದ ಅಟ್ಟಣಿಗೆ ಹತ್ತಿ ಎಣಿಸಬೇಕು, ಆಮೇಲೆ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ಅಲ್ಲೂ ಹತ್ತು ನಿಮಿಷ. ಸಾಕೈ ದಡದ ಅಂಚು ಹಿಡಿದೇ ಮೇಲೇರುವ ಮೀನು, ಹೊಳೆಯ ನಡುವಿಗೆ ಹೋಗುವ ಧಾರಾಳತನ ಅದಕ್ಕಿಲ್ಲ. ಆದ್ದರಿಂದ ಅಟ್ಟಣಿಗೆಯ ಬುಡದಲ್ಲೇ ಮೆರವಣಿಗೆ ಹೋಗುತ್ತದೆ. ನೀರಿನ ಪ್ರತಿಫಲನ ಕಣ್ಣಿಗೆ ಹೊಡೆಯದಂತೆ ಪೋಲರಾಯ್ಡ್ ಕನ್ನಡಕ, ಕೈಯಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್ಕರ್. ಹತ್ತು ನಿಮಿಷದ ಲೆಕ್ಕವನ್ನು ಆರರಿಂದ ಗುಣಿಸಿದರೆ ಗಂಟೆಯ ಲೆಕ್ಕ. ಮೇಲೆ ಹೋದ ಮೀನು ಏನೋ ನೆನಪಾದ ಹಾಗೆ ತಿರುಗಿ ಕೆಳಗೆ ಬಂದರೆ? “ಕಳೆಯಬೇಕು” ಎಂದ ಹುಡುಗ, ತೀರಾ ಗಂಭೀರವಾಗಿ. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಜಮಾ ಖರ್ಚು ಬರೆದವನು, ಅವನ ಮೇಲೆ ಅಕ್ಕರೆ ಬಂತು. ನುಶಗಾಕ್‌ನ ನೀರು ಕಲಕು, ಅಟ್ಟಣಿಗೆಯಿಂದ ಏನೂ ಕಾಣುವುದಿಲ್ಲ. ಅಲ್ಲಿ ಸೋನಾರ್ ಇಟ್ಟಿದ್ದಾರೆ.

ಬಲೆ ತಪ್ಪಿಸಿಕೊಂಡು ಹೊಳೆ ಹತ್ತಿದವುಗಳ ಈ ಲೆಕ್ಕಕ್ಕೆ ಅವರು ಎಸ್ಕೇಪ್‌ಮೆಂಟ್ ಅನ್ನುತ್ತಾರೆ. ಪ್ರತಿ ನದಿಗೂ ಇಷ್ಟು ಲಕ್ಷ ಮೀನು ಮೇಲೆ ಹೋಗಿ ಮೊಟ್ಟೆ ಇಡಲೇಬೇಕು ಎಂಬ ಗುರಿ ಇದೆ. ಲೆಕ್ಕ ಹಿಂದೆ ಬಿದ್ದರೆ ಬಲೆ ಬಿಡಲು ಅಪ್ಪಣೆ ಇಲ್ಲ. ಕಣ್ಣೆದುರೇ ಮೀನು ಕುಪ್ಪಳಿಸುತ್ತಿದ್ದರೂ ಸಾವಿರಾರು ಜನ ದೋಣಿಯಲ್ಲಿ ಕೂತು ರೇಡಿಯೋಗೆ ಕಿವಿಯಾನಿಸಬೇಕು. ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ಎಂದು ಇಲಾಖೆ ಸಾರಿದ ಮೇಲೆಯೇ ಬಲೆ ನೀರಿಗೆ. 2022ರಲ್ಲಿ ಹಿಡಿದದ್ದು ಸುಮಾರು 6 ಕೋಟಿ. ಉಳಿದವು ಹೊಳೆ ಹತ್ತಿದವು.

ಇಷ್ಟೆಲ್ಲ ಶಿಸ್ತು ಹುಟ್ಟುಗುಣ ಅಂದುಕೊಳ್ಳಬೇಡಿ, ಪೆಟ್ಟು ತಿಂದು ಕಲಿತದ್ದು. 1884ರಲ್ಲಿ ನುಶಗಾಕ್‌ನಲ್ಲಿ ಮೊದಲ ಕ್ಯಾನರಿ ಬಂತು. ಆಮೇಲೆ ಅಲಾಸ್ಕಾದ ಕರಾವಳಿಯುದ್ದಕ್ಕೂ ಹೊರಗಿನ ಕಂಪೆನಿಗಳು ಮೀನನ್ನು ಡಬ್ಬಿಗೆ ತುಂಬಿದ್ದೇ ತುಂಬಿದ್ದು. ಹಲವೆಡೆ ಮರದ ಕಂಬ, ಜಾಲರಿಯ ಬೃಹತ್ ಬೋನುಗಳನ್ನಿಟ್ಟು ಬಂದ ಮೀನನ್ನೆಲ್ಲ ಬಾಚಿದರು. 1953ರ ಹೊತ್ತಿಗೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತೆಂದರೆ ಅಮೆರಿಕ ಸರ್ಕಾರ ಅಲಾಸ್ಕಾದ ಸಾಲ್ಮನ್ ಮೀನುಗಾರಿಕೆಯನ್ನು ವಿಪತ್ತು ಎಂದು ಸಾರಬೇಕಾಯಿತು. 1959ರಲ್ಲಿ ಅಲಾಸ್ಕಾ ರಾಜ್ಯವಾದಾಗ ಅಲ್ಲಿನವರು ಮಾಡಿದ ಮೊದಲ ಕೆಲಸಗಳಲ್ಲೊಂದು ಬೋನುಗಳನ್ನು ನಿಷೇಧಿಸಿದ್ದು. ಮೀನು ಮುಂದಿನವರಿಗೂ ಉಳಿಯುವಂತೆ ಬಳಸಬೇಕು ಎಂದು ಸಂವಿಧಾನದಲ್ಲೇ ಬರೆದುಕೊಂಡರು. 1990ರಲ್ಲಿ ಮೀನು ಸಾಕಣೆಯನ್ನೂ ನಿಲ್ಲಿಸಿದರು.

ದೋಣಿಯ ಕಾನೂನುಗಳು ಇನ್ನೂ ಸ್ವಾರಸ್ಯ. ಬ್ರಿಸ್ಟಲ್ ಬೇಯಲ್ಲಿ 1951ರವರೆಗೂ ಇಂಜಿನ್ ಇರುವ ದೋಣಿಯಲ್ಲಿ ಸಾಲ್ಮನ್ ಹಿಡಿಯುವಂತಿರಲಿಲ್ಲ, ಹಾಯಿದೋಣಿಯೇ ಗತಿ. ಜಗತ್ತು ಅಣುಬಾಂಬ್ ನೋಡಿ ಆರು ವರ್ಷ ಕಳೆದಿತ್ತು, ಅಲ್ಲಿ ಗಾಳಿ ನೋಡಿ ಹಾಯಿ ಕಟ್ಟುತ್ತಿದ್ದರು. ಈಗ ಇಂಜಿನ್ ಇದೆ, ಆದರೆ ತೇಲುಬಲೆಯ ದೋಣಿ 32 ಅಡಿಗಿಂತ ಉದ್ದ ಇರಕೂಡದು. ಮನುಷ್ಯ ಬಿಡುತ್ತಾನೆಯೇ? ಉದ್ದಕ್ಕೆ ಕಾನೂನಿದೆ, ಹೊಟ್ಟೆಗೆ ಇಲ್ಲ ಎಂದು ಕಂಡುಕೊಂಡ. ದೋಣಿಗಳು ವರ್ಷ ವರ್ಷ ಅಡ್ಡಕ್ಕೆ ಬೆಳೆದವು. ಸಿಯಾಟಲ್‌ನ ಫಿಶರ್‌ಮೆನ್ಸ್ ಟರ್ಮಿನಲ್‌ನಲ್ಲಿ ಚಳಿಗಾಲ ಕಳೆಯಲು ಬಂದು ನಿಂತ ಅಲಾಸ್ಕಾ ದೋಣಿಗಳ ನಡುವೆ ಇಂಥವನ್ನು ಕಂಡೆ. ನಮ್ಮ ಕಡೆಯ ಹಿರಿಯ ಗುತ್ತಿಗೆದಾರರು ಮದುವೆಮನೆಯ ಮುಂದಿನ ಸಾಲಿನಲ್ಲಿ ಕೂತಂತೆ ಕೂತಿದ್ದವು.

ಇನ್ನೊಂದು ತಮಾಷೆ. ನಮ್ಮಲ್ಲಿ ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆ, ಗಂಗೊಳ್ಳಿಗಳಲ್ಲಿ ದೋಣಿಗಳೆಲ್ಲ ದಡದಲ್ಲಿ, ಮನೆಯಲ್ಲಿ ಒಣಮೀನಿನ ಚಟ್ನಿ. ಅದೇ ಎರಡು ತಿಂಗಳಲ್ಲಿ ಅವರಿಗೆ ವರ್ಷದ ದುಡಿಮೆ. ನಮ್ಮದು ಕ್ಯಾಲೆಂಡರ್ ನೋಡಿ ಬಾಗಿಲು ಹಾಕುವ ಪದ್ಧತಿ, ಅವರದು ಮೀನಿನ ಮುಖ ನೋಡಿ ಬಾಗಿಲು ತೆಗೆಯುವ ಪದ್ಧತಿ. ನೂರಾರು ಬಗೆಯ ಮೀನು ಬೆರೆತಿರುವ ನಮ್ಮ ಕಡಲಲ್ಲಿ ಅಟ್ಟಣಿಗೆ ಹಾಕಿ ಎಣಿಸುವುದು ಸಾಧ್ಯವೂ ಇಲ್ಲ ಬಿಡಿ.

ಸಾಕೈ ಎಣಿಕೆಗೆ ಒಗ್ಗುವುದು ಅದರ ಬದುಕಿನ ರೀತಿಯಿಂದ. ಹೊಳೆಯಲ್ಲೋ ಸರೋವರದ ಅಂಚಿನಲ್ಲೋ ಹುಟ್ಟಿ, ಸರೋವರದಲ್ಲಿ ಒಂದೆರಡು ವರ್ಷ ಬೆಳೆದು, ಕಡಲಿಗಿಳಿದು ಎರಡು ಮೂರು ವರ್ಷ ಅಲೆದು, ಹುಟ್ಟಿದ ನೀರಿಗೇ ಮರಳುತ್ತದೆ. ಕಡಲಿನಲ್ಲಿ ತಿನ್ನುವುದು ಹೆಚ್ಚಾಗಿ ಸಿಗಡಿಯ ಜಾತಿಯ ಸಣ್ಣ ಪುಟ್ಟ ಜೀವಿಗಳನ್ನು. ಮಾಂಸದ ಆ ಗಾಢ ಕೆಂಪು ಅವುಗಳಿಂದಲೇ ಬಂದದ್ದು. ಬೆಳ್ಳಿ ಮೈಯಲ್ಲಿ ಕಡಲಿಂದ ಬಂದ ಮೀನು ಸಿಹಿನೀರು ಸೇರಿದ ಮೇಲೆ ಊಟ ಬಿಡುತ್ತದೆ, ಮೈ ಕೆಂಪಾಗುತ್ತದೆ, ತಲೆ ಹಸಿರಾಗುತ್ತದೆ, ಗಂಡಿನ ದವಡೆ ಕೊಕ್ಕೆಯಾಗುತ್ತದೆ. ಮೊಟ್ಟೆಯಿಟ್ಟು ಕೆಲವೇ ವಾರಗಳಲ್ಲಿ ಸಾಯುತ್ತದೆ. ಕಡಲಿನ ಸಾರವೆಲ್ಲ ಹೀಗೆ ಕಾಡಿನ ಮರಗಳಿಗೆ ಗೊಬ್ಬರವಾಗಿ ಸಲ್ಲುತ್ತದೆ.

ನಡುವೆ ಕರಡಿಗಳೂ ಇವೆ. ನಾಕ್‌ನೆಕ್‌ನ ಅಟ್ಟಣಿಗೆಯವರು ಎಣಿಸಿ ಮೇಲೆ ಬಿಟ್ಟ ಮೀನಿಗೆ ಕಾಟ್ಮಾಯ್ ರಾಷ್ಟ್ರೀಯ ಉದ್ಯಾನದ ಬ್ರೂಕ್ಸ್ ಜಲಪಾತದಲ್ಲಿ ಕಂದು ಕರಡಿಗಳು ಬಾಯಿ ತೆರೆದು ನಿಂತಿರುತ್ತವೆ. ಯಾವುದು ಹೆಚ್ಚು ಕೊಬ್ಬಿದೆ ಎಂದು ಜನ ಕಂಪ್ಯೂಟರಿನಲ್ಲಿ ಮತ ಹಾಕುತ್ತಾರೆ. 2014ರಲ್ಲಿ ಶುರುವಾದ ಚುನಾವಣೆ ಇದು. ಹಲ್ಲು ಹೋದ ಮುದಿ ಕರಡಿ ಓಟಿಸ್ 2021ರಲ್ಲಿ ನಾಲ್ಕನೇ ಸಲ ಗೆದ್ದಿತು. ಗ್ರೇಜರ್ ಎಂಬ ತಾಯಿ ಕರಡಿ 2023, 2024 ಎರಡರಲ್ಲೂ. ತಿಂದು ತೇಗಿದವರಿಗೇ ವೋಟು ಬೀಳುವುದನ್ನು ಇಷ್ಟು ಬಹಿರಂಗವಾಗಿ ಒಪ್ಪಿಕೊಂಡ ಚುನಾವಣೆ ಬೇರೆಲ್ಲೂ ಇಲ್ಲ.

ಇನ್ನು ಸತ್ವದ ಮಾತು. ಸಿಯಾಟಲ್‌ನ ಚಳಿಗಾಲದಲ್ಲಿ ಸೂರ್ಯನದು ವಿಸಿಟಿಂಗ್ ಪ್ರೊಫೆಸರ್‌ಗಿರಿ. ಆದ್ದರಿಂದ ಅಲ್ಲಿ ಯಾರನ್ನು ಮಾತಾಡಿಸಿದರೂ ವಿಟಮಿನ್ ಡಿ ಪುರಾಣ. ಬೇಯಿಸಿದ 85 ಗ್ರಾಂ ಸಾಕೈಯಲ್ಲಿ ಸುಮಾರು 570 ಯೂನಿಟ್ ಇದೆ. ಎಪ್ಪತ್ತರೊಳಗಿನ ವಯಸ್ಕರಿಗೆ ಅಲ್ಲಿ ಹೇಳುವ ದಿನದ ಅಳತೆ 600. ಪ್ರೋಟೀನ್, ಬಿ12, ಒಮೆಗಾ-3 ಧಾರಾಳ. ಸಣ್ಣ ಜೀವಿಗಳನ್ನು ತಿಂದು ಬೇಗ ಮರಳುವ ಮೀನಾದ್ದರಿಂದ ಪಾದರಸ ಕಡಿಮೆ. ಹಾಗೆಂದು ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನಲ್ಲಿ ಗುಲಾಬಿ ತುಂಡು ಕಂಡ ತಕ್ಷಣ ಇದೇ ಅಂದುಕೊಳ್ಳಬೇಡಿ. ನಾರ್ವೆಯಿಂದ ಬರುವ ಅದು ಸಾಕಿದ ಅಟ್ಲಾಂಟಿಕ್ ಸಾಲ್ಮನ್, ಬಣ್ಣ ಬರುವುದು ತಿನಿಸಿಗೆ ಬೆರೆಸಿದ ಅಂಶದಿಂದ. ಅದು ವಿಷವೇನಲ್ಲ, ಕೊಬ್ಬು ಹೆಚ್ಚು, ಒಮೆಗಾ-3 ಕೂಡ ಬೇಕಷ್ಟಿದೆ. ಆದರೆ ಒಮೆಗಾ-3ಕ್ಕಾಗಿ ಮಂಗಳೂರಿನವರು ವಿಮಾನದಲ್ಲಿ ಬಂದ ಮೀನು ಹುಡುಕುವುದು ನನಗೆ ಒಪ್ಪಿಗೆಯಿಲ್ಲ. ಬೂತಾಯಿ, ಬಂಗುಡೆ ಇರುವಾಗ ಎಂತಕ್ಕೆ ಮಾರಾಯ್ರೆ?

ಕಾಡುಮೀನು ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಎಲ್ಲ ಸಾಕೈಯೂ ಸುಭದ್ರವಲ್ಲ. ಇಡಾಹೋ ರಾಜ್ಯದ ರೆಡ್‌ಫಿಶ್ ಸರೋವರಕ್ಕೆ, ಎಂಟು ಅಣೆಕಟ್ಟು ದಾಟಿ, 1992ರಲ್ಲಿ ಮರಳಿದ್ದು ಒಂದೇ ಒಂದು ಗಂಡು ಮೀನು. ಒಂಟಿ ಲ್ಯಾರಿ ಎಂದು ಹೆಸರಿಟ್ಟರು. ಅದನ್ನು ಎಣಿಸಲು ಕ್ಲಿಕ್ಕರ್ ಬೇಕಾಗಲಿಲ್ಲ. ಬ್ರಿಸ್ಟಲ್ ಬೇಗೆ ಅಂಥ ಗತಿ ಬಾರದಿರಲು ಅಲ್ಲಿನ ಹೊಳೆಗಳು ಕಟ್ಟೆಯಿಲ್ಲದೆ ಹರಿಯುತ್ತಿರುವುದು ದೊಡ್ಡ ಕಾರಣ. ಇನ್ನೊಂದು ಕಾರಣವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇನಿಯಲ್ ಶಿಂಡ್ಲರ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ಅಲ್ಲಿ ತೊರೆಗೊಂದು, ಸರೋವರಕ್ಕೊಂದು ಎಂಬಂತೆ ನೂರಾರು ಸಾಕೈ ವಂಶಗಳಿವೆ. ಒಂದು ಸೊರಗಿದ ವರ್ಷ ಇನ್ನೊಂದು ಕೊಬ್ಬುತ್ತದೆ, ಒಟ್ಟು ಲೆಕ್ಕ ತೀರಾ ಏರುಪೇರಾಗುವುದಿಲ್ಲ. ನುಶಗಾಕ್, ಕ್ವಿಜಾಕ್‌ಗಳ ನೆತ್ತಿಯಲ್ಲಿ ಪೆಬಲ್ ಎಂಬ ಚಿನ್ನ, ತಾಮ್ರದ ಗಣಿ ತೋಡುವ ಯೋಜನೆಯ ವಿರುದ್ಧ ಅಲ್ಲಿನ ಮೂಲನಿವಾಸಿಗಳೂ ಮೀನುಗಾರರೂ ವರ್ಷಗಟ್ಟಲೆ ಹೋರಾಡಿದ್ದು ಈ ಹೊಳೆಗಳು ಹೀಗೇ ಉಳಿಯಲೆಂದು. 2023ರ ಜನವರಿಯಲ್ಲಿ ಅಮೆರಿಕದ ಪರಿಸರ ಸಂಸ್ಥೆ ಅದಕ್ಕೆ ತಡೆ ಹಾಕಿತು.

ಅದೇ ವರ್ಷ ಮೀನುಗಾರರಿಗೆ ಸಿಕ್ಕ ಮೂಲ ದರ ಪೌಂಡಿಗೆ 50 ಸೆಂಟ್, ಹಿಂದಿನ ವರ್ಷದ ಅರ್ಧವೂ ಅಲ್ಲ. ಬೂತಾಯಿ ರಾಶಿ ಬಿದ್ದು ಫಿಶ್‌ಮೀಲ್ ಕಾರ್ಖಾನೆಗೆ ಹೋಗುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಯಾಟಲ್‌ನ ಅಂಗಡಿಯ ಹಲಗೆಯ ಮೇಲಿನ ದರ ಮಾತ್ರ ತಲೆ ಬಾಗಿಸಿದ್ದು ನನಗೆ ಕಾಣಲಿಲ್ಲ. “ಇದ್ರಲ್ಲಿ ರುಚಿಗಿಂತ ರೇಟೇ ಜಾಸ್ತಿ” ಎಂದಳು ನನ್ನ ಹೆಂಡತಿ. ಸಾಕೈಯಲ್ಲಿ ಕೊಬ್ಬು ಕಡಿಮೆ, ಹೆಚ್ಚು ಹೊತ್ತು ಒಲೆಯ ಮೇಲಿದ್ದರೆ ಒಣಗಿ ಹೋಗುತ್ತದೆ. ನಮ್ಮ ಹಾಗೆ ರವೆ ಹಚ್ಚಿ ಗರಿಗರಿ ಕಾಯಿಸುವ ಮೀನಲ್ಲ. ಅವಳಿಗೆ ಬೇಕಿದ್ದದ್ದು ತಲೆ. ಫಿಲೆ ಮಾರುವ ಅಂಗಡಿಯಲ್ಲಿ ತಲೆಗೆ ದರವೇ ಇರಲಿಲ್ಲ. ಕೇಳಿದ್ದಕ್ಕೆ ಮಾರುವವನು ಮೂರು ತಲೆ ಸುಮ್ಮನೆ ಸುತ್ತಿಕೊಟ್ಟು, ಏನು ಮಾಡುತ್ತೀರಿ ಎಂದು ಕುತೂಹಲದಿಂದ ಪೆನ್ನು ತೆಗೆದ. ತೆಂಗಿನಕಾಯಿ ಬರೆದುಕೊಂಡ, ಕೊತ್ತಂಬರಿ ಬರೆದುಕೊಂಡ, ಹುಣಸೆಹುಳಿ ಬರೆದುಕೊಂಡ. ಬ್ಯಾಡಗಿ ಮೆಣಸು ಇಪ್ಪತ್ತು ಎಂದಾಗ ಅವಳ ಮುಖ ನೋಡಿದ, ಪೆನ್ನು ಕಿಸೆಗೆ ಹಾಕಿಕೊಂಡ.